ಕೊನೆಯ ಸಾಲಿನ ಹುಡುಗರು

2023ರ ಡಿಸೆಂಬರ್ 8, ಶುಕ್ರವಾರ. ರಾತ್ರಿ ಹತ್ತರ ಸುಮಾರಿಗೆ ಕಂಠೀರವ ಕ್ರೀಡಾಂಗಣದ ಮೆಟ್ಟಿಲು ಇಳಿಯುವಾಗ ನನ್ನ ಗಂಟಲು ಕಟ್ಟಿಹೋಗಿತ್ತು. ಹಾಡಿ ಕಟ್ಟಿದ್ದಲ್ಲ, ಬೈದು ಕಟ್ಟಿದ್ದು. ಮುಂಬೈ ಸಿಟಿ ತಂಡದವರು ನಮ್ಮೂರಿಗೇ ಬಂದು, ನಮ್ಮ ಬೆಂಗಳೂರು ಎಫ್‌ಸಿಯನ್ನು 4–0 ಗೋಲುಗಳಿಂದ ಸೋಲಿಸಿ ಹೋಗಿದ್ದರು. ಎರಡನೇ ಗೋಲಿನ ತನಕ ನಾನು ಮರ್ಯಾದಸ್ಥ ನಿವೃತ್ತ ಬ್ಯಾಂಕ್ ನೌಕರನಂತೆಯೇ ಕುಳಿತಿದ್ದೆ. ಆಮೇಲೆ ನನಗೇ ಗೊತ್ತಿಲ್ಲದೆ ಎದ್ದು ನಿಂತು, ನಮ್ಮ ತಂಡದ ಒಬ್ಬ ಎಳೆಯ ಡಿಫೆಂಡರನ್ನು ಉದ್ದೇಶಿಸಿ ಏನೇನೋ ಕೂಗಿದೆ. ಅವನ ಹೆಸರು ಇಲ್ಲಿ ಬೇಡ. ಏನು ಕೂಗಿದೆ ಎಂಬುದು ಮಕ್ಕಳು ಓದುವ ಈ ಪತ್ರಿಕೆಗಂತೂ ಬೇಡವೇ ಬೇಡ.

ಪಕ್ಕದಲ್ಲಿ ನನ್ನ ಮೊಮ್ಮಗ ಪುಟ್ಟ ಇದ್ದ. ಏಳನೇ ತರಗತಿ. ನೀಲಿ ಅಂಗಿ, ಕೊರಳಲ್ಲಿ ನೀಲಿ ಸ್ಕಾರ್ಫು. ಪಂದ್ಯ ಶುರುವಾದಾಗ ವೆಸ್ಟ್ ಬ್ಲಾಕಿನ ಡ್ರಮ್ಮಿಗೆ ಸರಿಯಾಗಿ ಕುಣಿಯುತ್ತಿದ್ದವನು ಕೊನೆಕೊನೆಗೆ ತುಟಿಪಿಟಿಕ್ ಎನ್ನಲಿಲ್ಲ. ತಂಡ ಸೋತ ಬೇಸರ ಅಂದುಕೊಂಡೆ.

ಈ ವಯಸ್ಸಿನಲ್ಲಿ ನಿಮಗೆ ಯಾಕೆ ಸ್ವಾಮಿ ಈ ಹುಚ್ಚು ಎಂದು ನನ್ನ ವಾರಗೆಯ ಓದುಗರು ಕೇಳಬಹುದು. ಬೆಂಗಳೂರಿನವರಿಗೆ ಫುಟ್‌ಬಾಲ್ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸ್ ವಿರುದ್ಧ 2–1ರಿಂದ ಸೋತಾಗ ನಮ್ಮ ಕಡೆಯ ಆ ಒಂದು ಗೋಲು ಹೊಡೆದದ್ದು ಸಾರಂಗಪಾಣಿ ರಾಮನ್, ನಮ್ಮ ಬೆಂಗಳೂರಿನವರು. ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿದ ಪಂದ್ಯ ಅದು. ನಾನು ಕಾಲೇಜಿಗೆ ಸೇರುವ ಹೊತ್ತಿಗೆ ಮೈಸೂರು ರಾಜ್ಯದ ತಂಡ 1967-68ರಲ್ಲಿ, ಮತ್ತೆ 1968-69ರಲ್ಲಿ, ಎರಡು ವರ್ಷ ಬೆನ್ನುಬೆನ್ನಿಗೆ ಸಂತೋಷ್ ಟ್ರೋಫಿ ಗೆದ್ದಿತ್ತು. ಅದಾದ ಮೇಲೆ ಆ ಕಪ್ಪು ನಮ್ಮ ರಾಜ್ಯಕ್ಕೆ ಬರಲು 54 ವರ್ಷ ಹಿಡಿಯಿತು. 2023ರ ಮಾರ್ಚಿನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕದ ಹುಡುಗರು ತಂದರು. ಇನ್ನು ಹಲಸೂರಿನ ಪಕ್ಕದ ಗೌತಮಪುರಕ್ಕೆ ಹೋಗಿ ನೋಡಿ, ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಇಂಥ ಊರಿನಲ್ಲಿ ಹುಟ್ಟಿ ಬೆಳೆದು ಫುಟ್‌ಬಾಲ್ ನೋಡದಿದ್ದರೆ ಹೇಗೆ?

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ ಐ-ಲೀಗ್ ಗೆದ್ದುಬಿಟ್ಟಿತು. ಆಮೇಲೆ ಇಂಡಿಯನ್ ಸೂಪರ್ ಲೀಗಿಗೆ ಸೇರಿ 2019ರಲ್ಲಿ ಅದನ್ನೂ ಗೆದ್ದಿತು. ಗೆಲುವಿನಲ್ಲೇ ಕಣ್ಣುಬಿಟ್ಟ ಕೂಸು. ಅದನ್ನು ಬೆಂಬಲಿಸುವವರಿಗೆ ಸೋಲುವುದು ಹೇಗೆಂದು ಯಾರೂ ಕಲಿಸಿರಲಿಲ್ಲ.

2023ರ ಆ ಡಿಸೆಂಬರ್ ಹೊತ್ತಿಗೆ ಲೀಗಿನಲ್ಲಿ ನಮ್ಮದು ಒಂದೇ ಒಂದು ಗೆಲುವು. ಅದೇ ವರ್ಷ ಮಾರ್ಚಿನಲ್ಲಿ ಫೈನಲ್ ಆಡಿದ್ದ ತಂಡ ಇದು! ಹಾಗಾಗಿ ಪಂದ್ಯ ಮುಗಿದರೂ ಜನ ಮನೆಗೆ ಹೋಗಲಿಲ್ಲ. ಕ್ರೀಡಾಂಗಣದ ಹೊರಗೆ, ಸೈಕಲ್ಲಿನ ಮೇಲೆ ಫ್ಲಾಸ್ಕು ಕಟ್ಟಿಕೊಂಡು ಚಹಾ ಮಾರುವವನ ಸುತ್ತ ಏಳೆಂಟು ಜನ ಸೇರಿದೆವು. ಒಬ್ಬರಿಗೊಬ್ಬರ ಹೆಸರು ಗೊತ್ತಿಲ್ಲ, ಆದರೆ ಪ್ರತಿ ಪಂದ್ಯಕ್ಕೂ ಸಿಗುವ ಮುಖಗಳು.

“ಮೊದಲು ಆ ಕೋಚನ್ನು ಮನೆಗೆ ಕಳಿಸಬೇಕು” ಎಂದ ಒಬ್ಬ ಐಟಿ ಹುಡುಗ. ಕೋಚ್ ಆಗಿದ್ದವರು ಸೈಮನ್ ಗ್ರೇಸನ್ ಎಂಬ ಇಂಗ್ಲಿಷಿನವರು. ಅವರ ದೇಶದಲ್ಲಿ ಈ ಹುದ್ದೆಗೆ ಮ್ಯಾನೇಜರ್ ಎನ್ನುತ್ತಾರಂತೆ. ನನಗೆ ಮ್ಯಾನೇಜರ್ ಎಂದರೆ ಗಾಜಿನ ಕೋಣೆ, ಟೇಬಲ್ ಮೇಲೆ ಕರೆಗಂಟೆ, ಸಾಲ ಕೇಳಲು ಬಂದು ಕುರ್ಚಿಯ ತುದಿಯಲ್ಲಿ ಕುಳಿತ ಜನ. ಮೈದಾನದ ಗೆರೆಯ ಪಕ್ಕ ನಿಂತು ಕೈ ಬೀಸುವವರನ್ನು ಹಾಗೆ ಕರೆಯಲು ನಾಲಿಗೆ ಹೊರಳುವುದಿಲ್ಲ. ಇರಲಿ.

“ಹೋದ ವರ್ಷವೂ ಇದೇ ಮಾತು ಆಡಿದ್ರಿ” ಎಂದರು ಆಟೋ ಓಡಿಸುವ ಒಬ್ಬರು. “ಡಿಸೆಂಬರಲ್ಲಿ ಪಟ್ಟಿಯ ಕೆಳಭಾಗದಲ್ಲಿದ್ವಿ. ಕಳಿಸಿ, ಕಳಿಸಿ ಅಂದ್ರಿ. ಆಮೇಲೆ ಏನಾಯ್ತು?”

ಅವರು ಹೇಳಿದ್ದು ಸುಳ್ಳಲ್ಲ. 2022-23ರಲ್ಲಿ ಇದೇ ಗ್ರೇಸನ್ ಕೈಕೆಳಗೆ ತಂಡ ಮೊದಲರ್ಧದಲ್ಲಿ ಸೋತೂ ಸೋತೂ ಸುಸ್ತಾಗಿತ್ತು. ಆಮೇಲೆ ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು, ಗೋವಾದಲ್ಲಿ ನಡೆದ ಫೈನಲ್‌ಗೆ ಹೋಗಿ, ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿ ಒದೆತಗಳಲ್ಲಿ ಸೋತಿತ್ತು. ಅಂದು ಕೋಚನ್ನು ಕಳಿಸಿದ್ದರೆ ಆ ಫೈನಲ್ ಎಲ್ಲಿರುತ್ತಿತ್ತು?

“ಆಗ ಜಿಂಗನ್ ಇದ್ದ” ಎಂದ ಐಟಿ ಹುಡುಗ ಪಟ್ಟುಬಿಡದೆ.

ಸಂದೇಶ್ ಜಿಂಗನ್ ಭಾರತ ತಂಡದ ಡಿಫೆಂಡರ್. ಎತ್ತರದ ಆಳು, ಉದ್ದ ಕೂದಲು, ಗಟ್ಟಿ ಗಂಟಲು. ಆ ಫೈನಲ್ ಆದ ಮೇಲೆ ಅವರು ಗೋವಾ ತಂಡಕ್ಕೆ ಹೋದರು. ಪ್ರಬೀರ್ ದಾಸ್ ಕೇರಳಕ್ಕೆ ಹೋದರು. ಮುಂದಿನ ಸಾಲಿನಿಂದ ರಾಯ್ ಕೃಷ್ಣ ಒಡಿಶಾಕ್ಕೆ ಹೋದರು. ಮನೆಯ ಹಿರಿಯರೆಲ್ಲ ಒಂದೇ ವರ್ಷ ಊರು ಬಿಟ್ಟಂತಾಯಿತು.

“ಹಾಗಾದ್ರೆ ತಪ್ಪು ಕೋಚಿನದ್ದಲ್ಲ, ಕಳಿಸಿಕೊಟ್ಟ ಕ್ಲಬ್ಬಿನವರದ್ದು” ಎಂದರು ಆಟೋದವರು.

“ಯಾರದ್ದೂ ಅಲ್ಲ, ಆ ಹುಡುಗರಿಗೆ ಆಡಕ್ಕೇ ಬರಲ್ಲ” ಎಂದೆ ನಾನು. ಹೌದು, ನಾನೇ. ಪುಟ್ಟ ನನ್ನ ಮುಖವನ್ನೊಮ್ಮೆ ನೋಡಿದ್ದು ಈಗ ನೆನಪಾಗುತ್ತದೆ.

ಆಗ ಮಾತಿಗೆ ಬಂದವರು ಆಸ್ಟಿನ್ ಟೌನಿನ ಹಿರಿಯರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಹಿಂದೆ ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರ ತಂಡದಲ್ಲಿ ಹಿಂದಿನ ಸಾಲಿನಲ್ಲಿ ಆಡಿದವರು. ಎಡ ಮೊಣಕಾಲು ಇಂದಿಗೂ ಪೂರ್ತಿ ಮಡಿಸಲಾಗುವುದಿಲ್ಲ. ಅವರು ಚಹಾದ ನಾಲ್ಕು ಕಾಗದದ ಲೋಟಗಳನ್ನು ಕಾಂಪೌಂಡಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಪುಟ್ಟನನ್ನು ಹತ್ತಿರ ಕರೆದರು. ನಮ್ಮನ್ನಲ್ಲ, ಅವನನ್ನು.

“ನೋಡು ಮರಿ, ಇವು ನಾಲ್ಕು ಡಿಫೆಂಡರು. ಇದು ಎದುರು ತಂಡದವನು” ಎಂದು ತಮ್ಮ ಮೂಗುತ್ತಿ ಬೊಟ್ಟಿನಷ್ಟಿದ್ದ ನಶ್ಯದ ಡಬ್ಬಿಯನ್ನು ಇಟ್ಟರು. “ಅವನ ಕಡೆಯವರು ಅವನಿಗೆ ಚೆಂಡು ಒದೆಯುವ ಹೊತ್ತಿನಲ್ಲಿ ಅವನು ಈ ನಾಲ್ವರಿಗಿಂತ ಆಚೆ, ಗೋಲಿನ ಕಡೆ ನಿಂತಿದ್ದರೆ?”

“ಆಫ್‌ಸೈಡ್” ಎಂದ ಪುಟ್ಟ.

“ಸರಿ. ಅದಕ್ಕೇ ಡಿಫೆಂಡರುಗಳು ಒಟ್ಟಿಗೆ ಎರಡು ಹೆಜ್ಜೆ ಮುಂದೆ ಬರ್ತಾರೆ. ಅವನನ್ನ ಹಿಂದೆ ಬಿಟ್ಟು ಬಲೆಗೆ ಬೀಳಿಸ್ತಾರೆ. ಈಗ ನೋಡು.” ಮೂರು ಲೋಟಗಳನ್ನು ಮುಂದೆ ಸರಿಸಿ ಒಂದನ್ನು ಅಲ್ಲೇ ಬಿಟ್ಟರು. “ಇವನೊಬ್ಬ ಬರಲಿಲ್ಲ. ಈಗ?”

ಪುಟ್ಟ ಬಗ್ಗಿ ನೋಡಿದ. “ಈಗ ಅವನು ಆಫ್‌ಸೈಡ್ ಅಲ್ಲ. ಗೋಲು.”

“ಮೂರು ಜನ ಸರಿ ಮಾಡಿದ್ರು. ಒಬ್ಬ ಅರ್ಧ ಕ್ಷಣ ತಡ ಮಾಡಿದ. ನಾಲ್ವರ ಕೆಲಸವೂ ಹೋಯ್ತು. ಇದಕ್ಕೆ ಓಟ ಬೇಕಾಗಿಲ್ಲ ಮರಿ, ಬಾಯಿ ಬೇಕು. ‘ಬನ್ನಿ, ಬನ್ನಿ, ಮೇಲೆ ಬನ್ನಿ’ ಅಂತ ಒಬ್ಬ ಕೂಗ್ತಾ ಇರಬೇಕು. ಜಿಂಗನ್ ತೊಂಬತ್ತು ನಿಮಿಷವೂ ಕೂಗ್ತಿದ್ದ. ಈ ಹುಡುಗರು ಒಬ್ಬರಿಗೊಬ್ಬರು ಮಾತೇ ಆಡಲ್ಲ. ಇವತ್ತು ಕೂತು ಕೇಳಿದೆ. ಜನ ಬೈತಾರೆ ಅಂತ ಹೆದರಿದವನು ಬಾಯಿ ಬಿಡ್ತಾನಾ?”

ಕೊನೆಯ ಮಾತು ಹೇಳುವಾಗ ಅವರು ಪುಟ್ಟನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಅವರೇ ಇನ್ನೊಂದು ವಿಷಯವನ್ನೂ ಹೇಳಿದರು. ನಮ್ಮ ಲೀಗಿನಲ್ಲಿ ಒಂದು ತಂಡ ಒಮ್ಮೆಗೆ ನಾಲ್ಕು ವಿದೇಶಿ ಆಟಗಾರರನ್ನು ಮಾತ್ರ ಮೈದಾನಕ್ಕೆ ಇಳಿಸಬಹುದು. ಉಳಿದ ಏಳು ಮಂದಿ ಭಾರತದವರೇ ಇರಬೇಕು. ಗೋಲು ಹೊಡೆಯುವ ಜಾಗಕ್ಕೂ ನಡುಮೈದಾನಕ್ಕೂ ಕ್ಲಬ್ಬುಗಳು ವಿದೇಶಿಯರನ್ನು ತರುತ್ತವೆ. ಹಾಗಾಗಿ ಹಿಂದಿನ ಸಾಲಿನ ಹೆಚ್ಚಿನ ಭಾರ ನಮ್ಮ ಹುಡುಗರ ಹೆಗಲಿಗೇ. ಯುರೋಪಿನಲ್ಲೋ ದಕ್ಷಿಣ ಅಮೆರಿಕದಲ್ಲೋ ಹತ್ತು ವರ್ಷ ಪಳಗಿ ಬಂದ ಆಟಗಾರನ ಎದುರು, ನಿನ್ನೆ ಮೊನ್ನೆ ಅಕಾಡೆಮಿಯಿಂದ ಬಂದ ಮಣಿಪುರದ, ಸಿಕ್ಕಿಮಿನ, ಬೆಂಗಳೂರಿನ ಹುಡುಗ ನಿಲ್ಲಬೇಕು. ಅಲ್ಲಿ ಆಡದೆ ಅವನು ಕಲಿಯುವುದು ಎಲ್ಲಿ? ಆಡಿ ತಪ್ಪಿದರೆ ನಮ್ಮಂಥವರ ಬಾಯಿಗೆ ಆಹಾರ.

ಚಹಾ ಮುಗಿಯಿತು. ವಾದ ಮುಗಿಯಲಿಲ್ಲ. ಕೋಚ್ ಹೋಗಬೇಕು ಎನ್ನುವವರು ನಾಲ್ಕು, ಇರಲಿ ಎನ್ನುವವರು ಇಬ್ಬರು, ಕ್ಲಬ್ಬಿನ ಯಜಮಾನರೇ ಬದಲಾಗಬೇಕು ಎನ್ನುವವನು ಚಹಾದವನು.

ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿದೆವು. ಮೆಜೆಸ್ಟಿಕ್ ದಾಟಿ ಬೋಗಿ ಸ್ವಲ್ಪ ಖಾಲಿಯಾದ ಮೇಲೆ ಪುಟ್ಟ ಬಾಯಿಬಿಟ್ಟ.

“ತಾತ, ನೀನೂ ಬೈದೆ ಅಲ್ವಾ?”

“ಎಲ್ಲರೂ ಬೈದರು ಕಣೋ.”

“ನಾನು ಆಡುವಾಗ ಬಂದಿದ್ರೆ ನನಗೂ ಹಾಗೇ ಬೈತಿದ್ಯಾ?”

ಅವನು ಶಾಲೆಯ ತಂಡದಲ್ಲಿ ಡಿಫೆಂಡರ್ ಎಂಬುದು ನನಗೆ ಗೊತ್ತಿತ್ತು. ಎರಡು ವಾರದಿಂದ ಅಭ್ಯಾಸಕ್ಕೆ ಹೋಗುತ್ತಿಲ್ಲ, ಮೊಣಕಾಲು ನೋವು ಎಂದು ಮನೆಯಲ್ಲಿ ಹೇಳಿದ್ದೂ ಗೊತ್ತಿತ್ತು. ನಮ್ಮ ಮನೆಯಾಕೆ ದಿನಾ ರಾತ್ರಿ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದಳು. ಗೊತ್ತಿಲ್ಲದ ಸಂಗತಿ ಆ ರಾತ್ರಿ ಹೊರಬಿತ್ತು. ಶಾಲೆಗಳ ನಡುವಣ ಪಂದ್ಯದಲ್ಲಿ, ಮುಗಿಯಲು ಐದು ನಿಮಿಷ ಇದ್ದಾಗ, ಎದುರು ತಂಡದವನು ಅಡ್ಡಕ್ಕೆ ಒದ್ದ ಚೆಂಡನ್ನು ತಡೆಯಲು ಇವನು ಕಾಲು ಚಾಚಿದ್ದಾನೆ. ಚೆಂಡು ಇವನ ಕಾಲಿಗೆ ತಾಗಿ ತಮ್ಮದೇ ಗೋಲಿನೊಳಗೆ ಹೋಗಿದೆ. 1–0. ಮಾರನೆಯ ದಿನದಿಂದ ತರಗತಿಯಲ್ಲಿ ಇವನ ಹೆಸರೇ ‘ಸೇಮ್‌ಸೈಡ್’. ಹಾಜರಿ ಕೂಗುವಾಗಲೂ ಹಿಂದಿನ ಬೆಂಚಿನಿಂದ ಯಾರೋ ‘ಸೇಮ್‌ಸೈಡ್, ಪ್ರೆಸೆಂಟ್ ಸಾರ್’ ಎನ್ನುತ್ತಾರಂತೆ. ಮೊಣಕಾಲಿಗೆ ಏನೂ ಆಗಿರಲಿಲ್ಲ. ಬೂಟು ಮಂಚದ ಕೆಳಗೆ, ಹಳೆಯ ಸೂಟ್‌ಕೇಸಿನ ಹಿಂದೆ ಸೇರಿತ್ತು.

ಅವನು ಕೇಳಿದ ಪ್ರಶ್ನೆಗೆ ವಿಜಯನಗರ ಬರುವವರೆಗೂ ನನ್ನಲ್ಲಿ ಉತ್ತರ ಇರಲಿಲ್ಲ.

ಮನೆಯಲ್ಲಿ ಮನೆಯಾಕೆ ನನ್ನ ಗಂಟಲಿಗೆ ಬಿಸಿ ಉಪ್ಪುನೀರು ಮಾಡಿಕೊಟ್ಟಳು, ಮುಕ್ಕಳಿಸಿದೆ. ಪುಟ್ಟನಿಗೆ ಹಾಲು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಅವನಿಗೊಂದು ಹಳೆಯ ಕಥೆ ಹೇಳಿದೆ. ಅದನ್ನು ಅಲ್ಲಿಯವರೆಗೆ ನನ್ನ ಮಕ್ಕಳಿಗೂ ಹೇಳಿರಲಿಲ್ಲ.

ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದ ಎರಡನೇ ವರ್ಷ. ನನಗೆ ಇಪ್ಪತ್ಮೂರು. ಹಣ ಪಾವತಿಯ ಕೌಂಟರಿನಲ್ಲಿ ಕೂರಿಸಿದ್ದರು. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಆಗ ಚೆಕ್ಕು ಕೊಟ್ಟವರಿಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಆ ನಂಬರು ಕೂಗಿದಾಗ ಬಂದು, ಟೋಕನ್ ಕೊಟ್ಟು ದುಡ್ಡು ಪಡೆಯಬೇಕು. ಯಾವ ನೋಟು ಎಷ್ಟು ಕೊಟ್ಟೆವೆಂದು ಚೆಕ್ಕಿನ ಹಿಂಬದಿಯಲ್ಲಿ ಬರೆದುಕೊಳ್ಳಬೇಕು. ಅಂದು ಸಂತೆಯ ದಿನ, ಕಟಕಟೆಯ ಆಚೆ ಜನವೋ ಜನ. ಯಾರೋ ಚಿಲ್ಲರೆ ನೋಟು ಕೇಳಿದರು. ಎರಡು ರೂಪಾಯಿ ನೋಟಿನ ಒಂದು ಕಟ್ಟು, ಅಂದರೆ 200 ರೂಪಾಯಿ ಕೊಡಬೇಕಾದ ಕಡೆ ಐದು ರೂಪಾಯಿ ನೋಟಿನ ಕಟ್ಟನ್ನು ಕೊಟ್ಟುಬಿಟ್ಟೆ. ಗಡಿಬಿಡಿಯಲ್ಲಿ ಚೆಕ್ಕಿನ ಹಿಂದೆ ಬರೆಯಲೂ ಇಲ್ಲ.

ಸಂಜೆ ಲೆಕ್ಕ ಕಟ್ಟಿದಾಗ 300 ರೂಪಾಯಿ ಕಡಿಮೆ. ಮತ್ತೆ ಎಣಿಸಿದೆ. ಮತ್ತೂ ಎಣಿಸಿದೆ. ಇಡೀ ಶಾಖೆ ನನ್ನೊಬ್ಬನಿಗಾಗಿ ಕಾದು ಕುಳಿತಿತ್ತು. ಲೆಡ್ಜರಿನವರು ಆ ದಿನ ಒಂದೆರಡು ತಪ್ಪು ಬರೆದಿದ್ದರೂ ಕೆಂಪು ಶಾಯಿಯಲ್ಲಿ ತಿದ್ದಿ, ಸಹಿ ಹಾಕಿಸಿ ಮನೆಗೆ ಹೋದರು. ನನ್ನ ತಪ್ಪನ್ನು ಯಾವ ಶಾಯಿಯಲ್ಲಿ ತಿದ್ದುವುದು? ಹಣ ಬಾಗಿಲು ದಾಟಿ ಹೋಗಿತ್ತು. ನನ್ನ ಹಿಂದೆ ಯಾರೂ ಇರಲಿಲ್ಲ.

“ಡಿಫೆಂಡರ್ ಥರ” ಎಂದ ಪುಟ್ಟ.

ಹೌದು. ಮುಂದಿನ ಸಾಲಿನವನು ಹತ್ತು ಸಲ ಗುರಿ ತಪ್ಪಿ ಹನ್ನೊಂದನೇ ಸಲ ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಹಿಂದಿನ ಸಾಲಿನವನು ಹತ್ತು ಸಲ ತಡೆದು ಹನ್ನೊಂದನೆಯದನ್ನು ಬಿಟ್ಟರೆ ಆ ಹತ್ತನ್ನು ಬರೆದಿಡುವ ಪುಸ್ತಕ ಎಲ್ಲಿದೆ? ಮೂವತ್ತೈದು ವರ್ಷ ನಾನು ಬ್ಯಾಂಕಿನಲ್ಲಿದ್ದೆ. ಲೆಕ್ಕ ಸರಿಹೋದ ದಿನ ಒಬ್ಬರಾದರೂ ನನ್ನ ಬೆನ್ನು ತಟ್ಟಿದ ನೆನಪಿಲ್ಲ.

ಮಾರನೆಯ ಬೆಳಿಗ್ಗೆ ನನ್ನನ್ನು ಕೌಂಟರಿನಿಂದ ತೆಗೆದು ಟಪಾಲು ವಿಭಾಗಕ್ಕೆ ಹಾಕುತ್ತಾರೆಂದು ಖಾತ್ರಿಯಾಗಿ ಹೋದೆ. ಒಳಗೊಳಗೆ ಅದೇ ಬೇಕಾಗಿತ್ತು. ಮ್ಯಾನೇಜರು ಕರೆದು, ಮೂರು ತಿಂಗಳಲ್ಲಿ ನೂರು ನೂರರಂತೆ ಸಂಬಳದಲ್ಲಿ ಮುರಿದುಕೊಳ್ಳುವುದಾಗಿ ಹೇಳಿ, “ಅದೇ ಕೌಂಟರಿಗೆ ಹೋಗಿ ಕೂತ್ಕೊಳ್ಳಿ” ಎಂದರು. ಅಷ್ಟೇ. ಅವರು ದಯೆಯಿಂದ ಹೇಳಿದರೋ, ಬೇರೆ ಜನ ಇಲ್ಲದ್ದಕ್ಕೆ ಹೇಳಿದರೋ, ಇಂದಿಗೂ ಅರ್ಥವಾಗಿಲ್ಲ. ಆದರೆ ಹೆಡ್ ಕ್ಯಾಷಿಯರ್ ತಮ್ಮ ಕುರ್ಚಿಯನ್ನು ಎಳೆದುಕೊಂಡು ಬಂದು ನನ್ನ ಪಕ್ಕ ಹಾಕಿಕೊಂಡರು. ಹದಿನೈದು ದಿನ ಅಲ್ಲೇ ಕೂತಿದ್ದರು. ಅವರು ಕಲಿಸಿದ್ದು ಒಂದೇ ಪಾಠ. ಕಟ್ಟು ಕೊಡುವ ಮೊದಲು ಬಾಯಿಬಿಟ್ಟು ಹೇಳಬೇಕು: ‘ಎರಡು ರೂಪಾಯಿ, ನೂರು ನೋಟು, ಇನ್ನೂರು.’ ಕೊಡುವವನ ಕಿವಿಗೂ ಬೀಳಬೇಕು, ತೆಗೆದುಕೊಳ್ಳುವವನ ಕಿವಿಗೂ ಬೀಳಬೇಕು. ಮೊದಲ ದಿನ ನನ್ನ ದನಿಯೇ ಹೊರಡಲಿಲ್ಲ. “ಕೇಳಿಸ್ಲಿಲ್ಲ” ಎನ್ನುತ್ತಿದ್ದರು. ಮತ್ತೆ ಹೇಳಬೇಕು.

ಪುಟ್ಟ ಹಾಲಿನ ಲೋಟ ತೊಳೆದಿಟ್ಟು, ಏನೂ ಹೇಳದೆ ಮಲಗಲು ಹೋದ.

ಮಾರನೆಯ ದಿನ ಸುದ್ದಿ ಬಂತು. ಗ್ರೇಸನ್ ಅವರನ್ನು ಕ್ಲಬ್ಬು ಕೈಬಿಟ್ಟಿತ್ತು. ಐಟಿ ಹುಡುಗನಿಗೆ ಸಂತೋಷವಾಗಿರಬೇಕು. ನಿಜ ಹೇಳುತ್ತೇನೆ, ನನಗೂ ಆಯಿತು. ಆಮೇಲೆ ಬಂದವರು ಸ್ಪೇನಿನ ಜೆರಾರ್ಡ್ ಸರಗೋಸಾ. 2019ರಲ್ಲಿ ಕಪ್ಪು ಗೆದ್ದಾಗ ಕೋಚ್ ಆಗಿದ್ದ ಕಾರ್ಲೆಸ್ ಕ್ವಾದ್ರಾತ್ ಅವರ ಸಹಾಯಕರಾಗಿ ಇಲ್ಲಿಯೇ ಕೆಲಸ ಮಾಡಿದ್ದವರು. ಮಂತ್ರದಂಡ ಬೀಸಿದಂತೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆವು. ಎಲ್ಲಿಯ ಮಂತ್ರ! ಆ ವರ್ಷ ಹನ್ನೆರಡು ತಂಡಗಳಲ್ಲಿ ನಮ್ಮದು ಹತ್ತನೆಯದು. ಕಾಂಪೌಂಡಿನ ಬಳಿಯ ನಮ್ಮ ಚಹಾ ಸಭೆ ಏಪ್ರಿಲ್ ಹೊತ್ತಿಗೆ ಹೊಸ ಕೋಚನ್ನೂ ಮನೆಗೆ ಕಳಿಸಲು ತೀರ್ಮಾನಿಸಿತ್ತು.

ಕ್ಲಬ್ಬಿನವರು ನಮ್ಮ ಮಾತು ಕೇಳಲಿಲ್ಲ. ಅವರನ್ನು ಉಳಿಸಿಕೊಂಡರು. ಇನ್ನೊಂದು ಕೆಲಸವನ್ನೂ ಮಾಡಿದ್ದರು. ಅದನ್ನು ಆಸ್ಟಿನ್ ಟೌನಿನವರು ಮಾತ್ರ ಗಮನಿಸಿದ್ದರು. ಆ ಕೆಟ್ಟ ವರ್ಷದ ನಡುವೆಯೇ ಚಿಂಗ್ಲೆನ್ಸಾನಾ ಸಿಂಗ್ ಎಂಬ ಪಳಗಿದ ಡಿಫೆಂಡರನ್ನು ಹೈದರಾಬಾದಿನಿಂದ ತಂದರು. ಮುಂದಿನ ವರ್ಷಕ್ಕೆ ರಾಹುಲ್ ಭೇಕೆ ಮುಂಬೈಯಿಂದ ವಾಪಸು ಬಂದರು. ಈ ಭೇಕೆ ಯಾರು ಅಂದುಕೊಂಡಿರಿ? 2019ರ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಗಿ, ಇನ್ನೇನು ಪೆನಾಲ್ಟಿ ಒದೆತಗಳೇ ಗತಿ ಎನ್ನುವಾಗ, ಮೂಲೆಯಿಂದ ಬಂದ ಚೆಂಡಿಗೆ ತಲೆಕೊಟ್ಟು ಗೋವಾ ವಿರುದ್ಧ ಗೆಲುವಿನ ಗೋಲು ಹೊಡೆದ ಡಿಫೆಂಡರ್.

“ಕುರ್ಚಿ ಎಳ್ಕೊಂಡು ಬಂದ್ರು ತಾತ” ಎಂದ ಪುಟ್ಟ, ಆ ಸುದ್ದಿ ಓದಿ.

2024ರ ಸೆಪ್ಟೆಂಬರಿನಲ್ಲಿ ಹೊಸ ಲೀಗ್ ಶುರುವಾಯಿತು. ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ನಮ್ಮದೇ ಊರಿನ ಹುಡುಗ ವಿನೀತ್ ವೆಂಕಟೇಶ್, ಹತ್ತೊಂಬತ್ತು ವರ್ಷ, ಹೊಡೆದ ಒಂದು ಗೋಲಿನಿಂದ ಗೆದ್ದೆವು. ಪತ್ರಿಕೆಗಳು ಆ ಗೋಲಿನ ಬಗ್ಗೆ ಬರೆದವು, ಬರೆಯಬೇಕಾದ್ದೇ. ನಮ್ಮಿಬ್ಬರ ಕಣ್ಣು ಬೇರೆ ಅಂಕಿಯ ಮೇಲಿತ್ತು. ಮೊದಲ ಐದು ಪಂದ್ಯಗಳಲ್ಲಿ ಬೆಂಗಳೂರು ಬಿಟ್ಟುಕೊಟ್ಟ ಗೋಲುಗಳು: ಸೊನ್ನೆ. ಮನೆಯ ಕ್ಯಾಲೆಂಡರಿನಲ್ಲಿ ಪುಟ್ಟ ಆ ಐದು ತಾರೀಖುಗಳ ಮೇಲೆ ನೀಲಿ ಪೆನ್ನಿನಲ್ಲಿ ಸೊನ್ನೆ ಸುತ್ತಿದ್ದ. ಹಾಲಿನವನ ಲೆಕ್ಕದ ಜೊತೆ ಬೆರೆತು ನಮ್ಮ ಮನೆಯಾಕೆಗೆ ಗೊಂದಲವಾಗಿ ಇಬ್ಬರಿಗೂ ಬೈಗುಳವಾಯಿತು.

2025ರ ಮಾರ್ಚ್ 29. ಪ್ಲೇ-ಆಫ್ ಪಂದ್ಯ. ಅದೇ ಕಂಠೀರವ, ಅದೇ ಮುಂಬೈ ಸಿಟಿ. ಈ ಸಲ 5–0, ಗೆದ್ದವರು ನಾವು. ಮೆಟ್ಟಿಲಿಳಿಯುವಾಗ ಆಸ್ಟಿನ್ ಟೌನಿನವರು ಸಿಕ್ಕಿದರು. ಐದು ಗೋಲಿನ ಸುದ್ದಿಯೇ ಎತ್ತಲಿಲ್ಲ. “ಹಿಂದಿನವರು ಕೂಗ್ತಾ ಇದ್ದದ್ದು ನನಗೆ ಇಲ್ಲೀವರೆಗೂ ಕೇಳ್ತು” ಎಂದರು. ನಡುವೆ ಅಥ್ಲೆಟಿಕ್ಸ್ ಓಟದ ಹಾದಿ ಇರುವ ಆ ಮೈದಾನದಲ್ಲಿ, ಡ್ರಮ್ಮಿನ ಸದ್ದಿನ ನಡುವೆ, ಅದು ಕೇಳಿಸಲು ಸಾಧ್ಯವೇ ಇಲ್ಲ. ನಾನು ಎದುರಾಡಲಿಲ್ಲ.

ಪುಟ್ಟನ ವಿಷಯ ಹೇಳುವುದು ಉಳಿಯಿತು. ಆ ಡಿಸೆಂಬರ್ ರಜೆ ಮುಗಿದ ಮೇಲೆ ಒಂದು ದಿನ ಮಂಚದ ಕೆಳಗಿನ ಬೂಟು ಬಾಗಿಲ ಬಳಿಗೆ ಬಂತು. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಎಣ್ಣೆ ತಿಕ್ಕುವುದನ್ನು ಮಾತ್ರ ಅಜ್ಜಿ ಇನ್ನೂ ನಾಲ್ಕು ದಿನ ಬಿಡಲಿಲ್ಲ. ಜನವರಿಯ ಕೊನೆಯಲ್ಲಿ ಅವರ ಪಂದ್ಯ ನೋಡಲು ಹೋಗಿದ್ದೆ. ಹೋಗುವ ಮುಂಚೆ ಒಂದು ಷರತ್ತು ಹಾಕಿದ: “ತಾತ, ನೀನು ಬರಬಹುದು. ಬಾಯಿ ಮಾತ್ರ ಬಿಡಬಾರದು.” ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕುಳಿತೆ. ಮೈದಾನದಲ್ಲಿ ಒಂದು ಒಡಕು ದನಿ ಕೇಳುತ್ತಲೇ ಇತ್ತು: ‘ಮೇಲೆ ಬಾ! ಬಿಡು, ನಂದು! ಮೇಲೆ, ಮೇಲೆ!’ ಎದುರು ಕಡೆಯ ಪೋಷಕರೊಬ್ಬರು ನನ್ನತ್ತ ಬಾಗಿ, “ಆ ಹುಡುಗ ಯಾಕ್ ಸಾರ್ ಅಷ್ಟೊಂದು ಕೂಗ್ತಾನೆ?” ಎಂದರು.

ಆ ಪಂದ್ಯವನ್ನೂ ಅವರ ಶಾಲೆ ಸೋತಿತು. 1–0. ಗೋಲು ತನ್ನ ಕಡೆಯಿಂದ ಬರಲಿಲ್ಲ ಎಂದು ಮನೆ ಸೇರುವುದರೊಳಗೆ ಮೂರು ಸಲ ಹೇಳಿದ. ಗಂಟಲು ಕಟ್ಟಿದ್ದರಿಂದ ಮೂರನೆಯ ಸಲ ನನಗೆ ಸರಿಯಾಗಿ ಕೇಳಿಸಲಿಲ್ಲ.

2025ರ ಏಪ್ರಿಲ್ 12ರ ಫೈನಲ್ಲನ್ನು ಮನೆಯಲ್ಲಿ ಟಿವಿಯಲ್ಲೇ ನೋಡಿದೆವು. ಕೋಲ್ಕತ್ತ, ಎದುರಿಗೆ ಮತ್ತೆ ಮೋಹನ್ ಬಾಗಾನ್. ಅವರ ಡಿಫೆಂಡರೊಬ್ಬನ ಕಾಲಿಗೆ ತಾಗಿ ಅವರದೇ ಗೋಲಿನೊಳಗೆ ಚೆಂಡು ಹೋಗಿ ನಾವು 1–0 ಮುಂದಾದೆವು. ಮನೆಯಲ್ಲಿ ಎಲ್ಲರೂ ಎದ್ದು ಕುಣಿದೆವು. ಪುಟ್ಟ ಮಾತ್ರ ಚಪ್ಪಾಳೆ ತಟ್ಟದೆ ಟಿವಿಯಲ್ಲಿ ಆ ಆಟಗಾರನ ಮುಖವನ್ನೇ ನೋಡುತ್ತಿದ್ದ. ಆಮೇಲೆ ನಮ್ಮ ಹಿಂದಿನ ಸಾಲಿನವರೊಬ್ಬರ ಕೈಗೆ ಚೆಂಡು ತಾಗಿತು. ಪೆನಾಲ್ಟಿ. 1–1. ನಾನು ಕುರ್ಚಿಯಿಂದ ಅರ್ಧ ಎದ್ದು ಬಾಯಿ ತೆರೆಯುವಷ್ಟರಲ್ಲಿ ಪುಟ್ಟ ನನ್ನ ತೊಡೆಯ ಮೇಲೆ ಕೈಯಿಟ್ಟ. ಕೂತೆ.

ಹೆಚ್ಚುವರಿ ಸಮಯದಲ್ಲಿ ಅವರು ಇನ್ನೊಂದು ಹೊಡೆದು 2–1ರಿಂದ ಗೆದ್ದರು. ಪುಟ್ಟ ಟಿವಿ ಆರಿಸಿ, ಹಿತ್ತಲಿಗೆ ಹೋಗಿ, ಬೂಟಿನ ತಳಕ್ಕೆ ಮೆತ್ತಿದ್ದ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಲು ಕುಳಿತ. ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಅವನಿಗೆ ಬೇಸಿಗೆ ಶಿಬಿರದ ಪಂದ್ಯವಿತ್ತು.